ಬೆನ್ನು ಸೆಟೆಸಿ ಕೂತರೆ ಸಾಕೇ, ಕೈರೊಪ್ರಾಕ್ಟರ್ ಬಳಿ ಹೋಗಬೇಕೇ?

ಪ್ರಶ್ನೆ: ನನಗೆ 36 ವರ್ಷ. ದಿನಕ್ಕೆ ಎಂಟೊಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೆಲಸ. ನಾಲ್ಕು ತಿಂಗಳಿಂದ ಸೊಂಟ ನೋಯುತ್ತಿದೆ, ಸಂಜೆಯ ಹೊತ್ತಿಗೆ ಕತ್ತೂ ಬಿಗಿಯುತ್ತದೆ. ನೋವು ಕಾಲಿಗೆ ಇಳಿಯುವುದಿಲ್ಲ, ಜೋಮು ಇಲ್ಲ. ನೆಟ್ಟಗೆ ಕೂರಲು ಹೋದರೆ ಅರ್ಧ ಗಂಟೆಯಲ್ಲಿ ನೋವು ಇನ್ನೂ ಹೆಚ್ಚುತ್ತದೆ. ಒಬ್ಬ ಕೈರೊಪ್ರಾಕ್ಟರ್ (ಬೆನ್ನೆಲುಬಿನ ಕೀಲುಗಳನ್ನು ಕೈಯಿಂದ ತಳ್ಳಿ ಚಿಕಿತ್ಸೆ ಕೊಡುವವರು) ಎಕ್ಸ್-ರೇ ನೋಡಿ, ಬೆನ್ನಿನ ಮೂಳೆಗಳು ಜರುಗಿವೆ, ಅವುಗಳ ನಡುವಿನ ಮೆತ್ತೆ ಅಂದರೆ ಡಿಸ್ಕ್ ಸವೆದಿದೆ, ವಾರಕ್ಕೆ ಮೂರರಂತೆ 36 ಸಲ ಬಂದರೆ ಎಲ್ಲ ಸರಿಹೋಗುತ್ತದೆ ಎಂದಿದ್ದಾರೆ. ನಂಬಬಹುದೇ? ಕೂರುವ ಭಂಗಿ ಸರಿಮಾಡಿಕೊಂಡರೆ ಸಾಲದೇ?

ಉತ್ತರ: ನೆಟ್ಟಗೆ ಕೂತರೆ ನೋವು ಹೆಚ್ಚುತ್ತದೆ ಎಂದಿದ್ದೀರಲ್ಲ, ಅಲ್ಲಿಂದಲೇ ಶುರುಮಾಡೋಣ. ಸೊಂಟ ಬಿಗಿಹಿಡಿದು ಸೆಟೆದು ಕೂತಾಗ ಬೆನ್ನೆಲುಬಿನ ಎರಡೂ ಪಕ್ಕದ ಸ್ನಾಯುಗಳು ಬಿಡುವಿಲ್ಲದೆ ದುಡಿಯುತ್ತವೆ. ಬಿಗಿದೇ ಇರುವ ಸ್ನಾಯುವಿನೊಳಗೆ ರಕ್ತದ ಹರಿವು ತಗ್ಗುತ್ತದೆ, ಸ್ನಾಯು ದಣಿಯುತ್ತದೆ, ಸ್ವಲ್ಪ ಹೊತ್ತಿಗೆ ನೋವು ಕಾಣಿಸಿಕೊಳ್ಳುತ್ತದೆ. ಗೂನಿ ಕೂತರೆ ಸ್ನಾಯುಗಳಿಗೆ ವಿಶ್ರಾಂತಿ ಸಿಗುತ್ತದೆ ನಿಜ, ಆದರೆ ಆಗ ಮೇಲಿನ ಭಾರವನ್ನು ಹಿಂಬದಿಯ ಲಿಗಮೆಂಟುಗಳೂ (ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಪಟ್ಟಿಗಳು) ಡಿಸ್ಕಿನ ಹಿಂಭಾಗವೂ ಹೊರಬೇಕು. ಅವು ತಕ್ಷಣ ದೂರುವುದಿಲ್ಲ. ಹಿಗ್ಗಿ ಹಿಗ್ಗಿ, ನೀವು ಎದ್ದು ನಿಲ್ಲುವಾಗ ಹಿಡಿದುಕೊಳ್ಳುತ್ತವೆ. ಹಾಗಾಗಿ ನಿಮ್ಮ ತೊಂದರೆ ಯಾವ ಭಂಗಿಯಲ್ಲಿ ಕೂರುತ್ತೀರಿ ಎನ್ನುವುದಕ್ಕಿಂತ ಒಂದೇ ಭಂಗಿಯಲ್ಲಿ ಎಷ್ಟು ಹೊತ್ತು ಕೂರುತ್ತೀರಿ ಎನ್ನುವುದರಲ್ಲಿದೆ.

ಬೆನ್ನೆಲುಬು ಕೋಲಿನಂತೆ ನೇರ ಇರುವಂಥದ್ದಲ್ಲ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಒಟ್ಟು 24 ಬಿಡಿ ಕಶೇರುಗಳು, ಅಂದರೆ ಬೆನ್ನೆಲುಬಿನ ಬಿಡಿ ಮೂಳೆಗಳು. ಕತ್ತು ಮತ್ತು ಸೊಂಟದಲ್ಲಿ ಒಳಬಾಗು, ಎದೆಭಾಗದಲ್ಲಿ ಹೊರಬಾಗು. ಒಳ್ಳೆಯ ಭಂಗಿ ಎಂದರೆ ಈ ಬಾಗುಗಳನ್ನು ಅಳಿಸುವುದೂ ಅಲ್ಲ, ಎದೆ ಉಬ್ಬಿಸಿ ಅವನ್ನು ಅತಿಮಾಡುವುದೂ ಅಲ್ಲ. ಕಶೇರುಗಳ ನಡುವಿನ ಡಿಸ್ಕುಗಳಿಗೆ ವಯಸ್ಕರಲ್ಲಿ ಹೆಚ್ಚುಕಡಿಮೆ ರಕ್ತನಾಳಗಳೇ ಇರುವುದಿಲ್ಲ. ಮೇಲೆ ಕೆಳಗಿನ ಮೂಳೆಯಿಂದ ಪೋಷಕಾಂಶ ನಿಧಾನವಾಗಿ ಒಳಕ್ಕೆ ಒಸರಬೇಕು. ಭಾರ ಬಿದ್ದಾಗ ಡಿಸ್ಕಿನಿಂದ ನೀರು ಹೊರಹೋಗುತ್ತದೆ, ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ಬೆಳಗ್ಗೆಗಿಂತ ಸಂಜೆ ನಾವು 1ರಿಂದ 2 ಸೆಂಟಿಮೀಟರ್ ಗಿಡ್ಡವಾಗುವುದು ಇದರಿಂದಲೇ. ಒತ್ತಡ ಬಿದ್ದು ಬಿಟ್ಟು ಆಗುತ್ತಿರಬೇಕು. ಒಂದೇ ಸಮನೆ ಇರುವ ಒತ್ತಡ, ಸಣ್ಣದಾದರೂ, ಡಿಸ್ಕಿಗೆ ಹಿತವಲ್ಲ.

ಗೂನಿ ಕೂರುವುದೇ ಮಹಾಪರಾಧ ಎಂಬ ನಂಬಿಕೆಗೆ 1999ರಲ್ಲಿ ಜರ್ಮನಿಯ ಸಂಶೋಧಕರು ಕೊಟ್ಟ ಅಂಕಿಗಳು ಸ್ವಲ್ಪ ಪೆಟ್ಟು ಕೊಡುತ್ತವೆ. ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೆ ಒತ್ತಡ ಅಳೆಯುವ ಸಂವೇದಕ ಇಟ್ಟು ನೋಡಿದಾಗ ನಿಂತಾಗ 0.5 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ), ಒರಗದೆ ಕೂತಾಗ 0.46, ಕುರ್ಚಿಗೆ ಜಾರಿ ಒರಗಿ ಕೂತಾಗ ಬರೀ 0.27. ಆದರೆ 20 ಕಿಲೋ ಭಾರವನ್ನು ಬೆನ್ನು ಬಾಗಿಸಿ ಎತ್ತಿದಾಗ 2.3, ಮಂಡಿ ಮಡಿಸಿ ಎತ್ತಿದಾಗ 1.7. ಅಳತೆ ಒಬ್ಬನದ್ದೇ, ಎಲ್ಲರಿಗೂ ಇದೇ ಅಂಕಿ ಹೊಂದುತ್ತದೆ ಎನ್ನಲಾಗದು. ಆದರೂ ಒರಗುವುದು ಬೆನ್ನಿಗೆ ಬಿಡುವು ಕೊಡುತ್ತದೆ, ಬಾಗಿ ಭಾರ ಎತ್ತುವುದು ಅದರ ಹಲವು ಪಟ್ಟು ಹೊರೆ ಹೇರುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಈಗ ನಿಮ್ಮ ಕೆಲಸದ ಜಾಗ. ಲ್ಯಾಪ್‌ಟಾಪಿನ ಮೂಲದೋಷ ಏನೆಂದರೆ ಪರದೆಯೂ ಕೀಲಿಮಣೆಯೂ ಅಂಟಿಕೊಂಡಿರುವುದು. ಕೈಗೆ ಸರಿಯಾದ ಎತ್ತರದಲ್ಲಿಟ್ಟರೆ ಕತ್ತು ಬಗ್ಗಬೇಕು, ಕಣ್ಣಿಗೆ ಸರಿಯಾಗಿಟ್ಟರೆ ಭುಜ ಎತ್ತಬೇಕು. ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಪ್ರತ್ಯೇಕ ಕೀಲಿಮಣೆ ಮತ್ತು ಮೌಸ್ ಜೋಡಿಸಿ ಲ್ಯಾಪ್‌ಟಾಪನ್ನು ಸ್ಟ್ಯಾಂಡ್ ಮೇಲೋ ದಪ್ಪ ಪುಸ್ತಕಗಳ ಮೇಲೋ ಏರಿಸುವುದು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಕೊಂಚ ಕೆಳಗೆ, ದೂರ 50ರಿಂದ 70 ಸೆಂಟಿಮೀಟರ್. ಬೈಫೋಕಲ್ ಕನ್ನಡಕ ಹಾಕುವವರಾದರೆ ಪರದೆ ಇನ್ನೂ ಕೆಳಗಿರಲಿ, ಇಲ್ಲವಾದರೆ ಕೆಳಗಾಜಿನಿಂದ ನೋಡಲು ಗದ್ದ ಎತ್ತಿ ಎತ್ತಿ ಕತ್ತು ಹಿಡಿಯುತ್ತದೆ.

ಕುರ್ಚಿಯಲ್ಲಿ ಹಿಂದಕ್ಕೆ ಪೂರ್ತಿ ಸರಿದು ಕೂರಿ. ಆಸನದ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳಿನ ಜಾಗ ಇರಲಿ. ಪಾದಗಳು ನೆಲಕ್ಕೆ ಪೂರ್ತಿ ತಾಗಬೇಕು, ತಾಗದಿದ್ದರೆ ಕಾಲ್ಮಣೆ ಇಡಿ. ಒರಗನ್ನು ನೆಟ್ಟಗಿಡದೆ ಆಸನಕ್ಕೆ 100ರಿಂದ 110 ಡಿಗ್ರಿ ಕೋನದಲ್ಲಿರುವಂತೆ ಹಿಂದಕ್ಕೆ ವಾಲಿಸಿ, ಬೆಲ್ಟ್ ಕಟ್ಟುವ ಮಟ್ಟದಲ್ಲಿ ಸುರುಳಿ ಸುತ್ತಿದ ಟವೆಲ್ ಇಡಿ. ಒತ್ತಿದಾಗ ಐದಾರು ಸೆಂಟಿಮೀಟರ್ ದಪ್ಪ ಉಳಿದರೆ ಸಾಕು. ಅದಕ್ಕಿಂತ ದಪ್ಪವಾದರೆ ಸೊಂಟವನ್ನು ಮುಂದಕ್ಕೆ ತಳ್ಳಿ ಬೇರೆಯದೇ ನೋವು ತರುತ್ತದೆ. ಮೊಣಕೈ ಮೈಗೆ ಹತ್ತಿರ, ಸುಮಾರು 90 ಡಿಗ್ರಿಯಲ್ಲಿ, ಭುಜ ಇಳಿಬಿಟ್ಟು.

ಇಷ್ಟೆಲ್ಲ ಮಾಡಿಯೂ ಮೂರು ಗಂಟೆ ಅಲ್ಲಾಡದೆ ಕೂತರೆ ಪ್ರಯೋಜನವಿಲ್ಲ. ಅರ್ಧ ಗಂಟೆಗೊಮ್ಮೆ ಫೋನಿನಲ್ಲಿ ಅಲಾರಂ ಇಟ್ಟು ಎದ್ದು ಒಂದೆರಡು ನಿಮಿಷ ಓಡಾಡಿ, ಎರಡೂ ಕೈ ಸೊಂಟದ ಮೇಲಿಟ್ಟು ಐದಾರು ಸಲ ಹಿಂದಕ್ಕೆ ಬಾಗಿ. ನಿಂತು ಕೆಲಸ ಮಾಡುವ ಮೇಜು ಕೊಳ್ಳುವ ಯೋಚನೆ ಇದ್ದರೆ ಕೊಳ್ಳಿ, ಆದರೆ ದಿನವಿಡೀ ನಿಲ್ಲಬೇಡಿ. ದೀರ್ಘಕಾಲ ನಿಂತವರಿಗೂ ಸೊಂಟ ನೋವು ಬರುತ್ತದೆ. 20–30 ನಿಮಿಷ ನಿಂತು ಮತ್ತೆ ಕೂರಿ.

ಕತ್ತಿನ ವಿಷಯ. ವಯಸ್ಕರ ತಲೆಯ ತೂಕ ನಾಲ್ಕೂವರೆಯಿಂದ ಐದು ಕಿಲೋ ಆಸುಪಾಸು. ತಲೆಯನ್ನು 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋ ಭಾರ ಬೀಳುತ್ತದೆ ಎಂಬ ಚಿತ್ರ ನೀವೂ ನೋಡಿರಬಹುದು. ಅದು 2014ರ ಒಂದು ಕಂಪ್ಯೂಟರ್ ಲೆಕ್ಕಾಚಾರ, ಜೀವಂತ ಮನುಷ್ಯರಲ್ಲಿ ಅಳೆದದ್ದಲ್ಲ. ಭಾರ ಹೆಚ್ಚುವುದು ನಿಜವಾದರೂ ಅದರಿಂದ ಕತ್ತಿನ ಮೂಳೆ ಹಾಳಾಗುತ್ತದೆ ಎಂದು ಅರ್ಥವಲ್ಲ. ನಿಮಗೆ ಆಗುತ್ತಿರುವುದು ಬಹುಶಃ ಇಷ್ಟು: ಮೇಲ್ಬೆನ್ನು ಗೂನಿದಾಗ ಪರದೆ ನೋಡಲು ಗದ್ದ ಮುಂದೆ ಚಾಚಬೇಕಾಗುತ್ತದೆ, ತಲೆಬುರುಡೆಯ ಬುಡದ ಸಣ್ಣ ಸ್ನಾಯುಗಳೂ ಭುಜದ ಮೇಲಿನ ಸ್ನಾಯುಗಳೂ ದಿನವಿಡೀ ಬಿಗಿದಿರುತ್ತವೆ. ಪರದೆ ಏರಿಸಿದರೆ ಅರ್ಧ ಪರಿಹಾರ ಆಯಿತು. ಉಳಿದರ್ಧಕ್ಕೆ ಗದ್ದ ಒಳಗೆಳೆಯುವ ವ್ಯಾಯಾಮ: ದೃಷ್ಟಿ ನೇರವಾಗಿಟ್ಟು, ತಲೆ ಬಗ್ಗಿಸದೆ, ಗದ್ದವನ್ನು ಅಡ್ಡಡ್ಡ ಹಿಂದಕ್ಕೆ ಸರಿಸಿ 5 ಸೆಕೆಂಡ್ ಹಿಡಿದು ಬಿಡಿ. 10 ಸಲ, ದಿನಕ್ಕೆ ಮೂರು ಹೊತ್ತು. ಹೆಚ್ಚಿನವರು ಗದ್ದವನ್ನು ಎದೆಯತ್ತ ಇಳಿಸಿಬಿಡುತ್ತಾರೆ, ಅದು ಬೇರೆಯೇ ಚಲನೆ.

ಕೈರೊಪ್ರಾಕ್ಟಿಕ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ 1895ರಲ್ಲಿ ಡಿ. ಡಿ. ಪಾಮರ್ ಎಂಬಾತ ಈ ಪದ್ಧತಿ ಆರಂಭಿಸಿದಾಗ, ಕಶೇರುಗಳು ಜರುಗಿ ನರಗಳನ್ನು ಒತ್ತುವುದೇ ಬಹುತೇಕ ರೋಗಗಳ ಮೂಲ ಎಂಬುದು ಅವರ ವಾದವಾಗಿತ್ತು. ನಿಮಗೆ ಹೇಳಿದ 'ಮೂಳೆ ಜರುಗಿದೆ' ಎಂಬ ಮಾತಿನ ಬೇರು ಅಲ್ಲಿದೆ. ಬ್ರಿಟನ್ನಿನಲ್ಲಿ ಈ ವೃತ್ತಿಯನ್ನು ನಿಯಂತ್ರಿಸುವ ಜನರಲ್ ಕೈರೊಪ್ರಾಕ್ಟಿಕ್ ಕೌನ್ಸಿಲ್ಲೇ 2010ರಲ್ಲಿ, ಇದು ಚಾರಿತ್ರಿಕ ಕಲ್ಪನೆ, ರೋಗಕ್ಕೆ ಇದೇ ಕಾರಣ ಎನ್ನಲು ಸಂಶೋಧನೆಯ ಆಧಾರವಿಲ್ಲ ಎಂದು ಹೇಳಿತು. ಇಂದು ಚೆನ್ನಾಗಿ ಓದಿಕೊಂಡ ಕೈರೊಪ್ರಾಕ್ಟರುಗಳು ಈ ಭಾಷೆ ಬಳಸುವುದಿಲ್ಲ. ಕಶೇರು ನಿಜಕ್ಕೂ ಜಾರಿರುವ ಸ್ಥಿತಿ ಇಲ್ಲದಿಲ್ಲ, ಅದಕ್ಕೆ ಸ್ಪಾಂಡಿಲೋಲಿಸ್ಥೆಸಿಸ್ ಎನ್ನುತ್ತಾರೆ. ಅದನ್ನು ಕೈಯಲ್ಲಿ ತಳ್ಳಿ ಹಿಂದಕ್ಕೆ ಕೂರಿಸಲು ಬರುವುದಿಲ್ಲ.

ಹಾಗಾದರೆ ಅವರು ಮಾಡುವುದೇನು? ಬೆನ್ನಿನ ಹಿಂಭಾಗದ ಪುಟ್ಟ ಕೀಲುಗಳನ್ನು ಅವುಗಳ ಚಲನೆಯ ತುದಿಯವರೆಗೆ ತಂದು, ಅಲ್ಲಿಂದ ಚಿಕ್ಕದಾದ, ವೇಗದ ತಳ್ಳು ಕೊಡುತ್ತಾರೆ. ಆಗ ಬರುವ 'ಲಟಕ್' ಸದ್ದು ಮೂಳೆ ಜಾಗಕ್ಕೆ ಕೂತದ್ದರ ಸದ್ದಲ್ಲ. ಬೆರಳಿನ ಲಟಿಕೆ ಮುರಿದಾಗ ಆಗುವುದೇ ಇಲ್ಲೂ ಆಗುತ್ತದೆ: ಕೀಲಿನ ಎರಡು ಮೈಗಳು ಥಟ್ಟನೆ ಬೇರ್ಪಟ್ಟು ಒಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಹುಟ್ಟುತ್ತದೆ. ಅದೇ ಕೀಲು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು. ಸದ್ದು ಬಾರದಿದ್ದರೂ ಲಾಭ ಬರಬಹುದು, ಸದ್ದು ಬಂದ ಮಾತ್ರಕ್ಕೆ ಲಾಭ ಖಾತ್ರಿಯಲ್ಲ. ತಳ್ಳಿನ ನಂತರ ಹತ್ತಿರದ ಸ್ನಾಯುಗಳ ಬಿಗಿ ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ನರಮಂಡಲ ನೋವಿನ ಸಂದೇಶವನ್ನು ತಗ್ಗಿಸಿ ಓದುತ್ತದೆ, ಬಾಗುವುದು ತಿರುಗುವುದು ಹಗುರಾಗುತ್ತದೆ. ಈ ಪರಿಣಾಮ ನಿಜವಾದದ್ದು, ಆದರೆ ತಾತ್ಕಾಲಿಕ. ಮೂಳೆಗಳ ಜೋಡಣೆ ಇದರಿಂದ ಬದಲಾಗುವುದಿಲ್ಲ.

ಎಷ್ಟು ಲಾಭ ಎಂಬುದಕ್ಕೂ ಅಂಕಿಗಳಿವೆ. ಹೊಸದಾಗಿ ಬಂದ ಸೊಂಟ ನೋವಿನ ಬಗ್ಗೆ 2017ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯ ಪ್ರಕಾರ, ಆರು ವಾರದೊಳಗೆ 100 ಅಂಕದ ಮಾಪನದಲ್ಲಿ ಈ ಚಿಕಿತ್ಸೆ ಪಡೆದವರ ನೋವು ಹೋಲಿಕೆಯ ಗುಂಪಿನವರಿಗಿಂತ ಸರಾಸರಿ ಹತ್ತು ಅಂಕದಷ್ಟು ಹೆಚ್ಚು ಇಳಿಯುತ್ತದೆ. ನಿಮ್ಮಂತೆ ಮೂರು ತಿಂಗಳು ಮೀರಿದ ನೋವಿಗೆ, 2019ರ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ ಸಮೀಕ್ಷೆ 47 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ವ್ಯಾಯಾಮದಂಥ ಶಿಫಾರಸಾದ ಚಿಕಿತ್ಸೆಗಳಷ್ಟೇ ಫಲ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯಲ್ಲಿ ದೀರ್ಘಕಾಲದ ಸೊಂಟ ನೋವಿಗೆ ವ್ಯಾಯಾಮ, ತಿಳಿವಳಿಕೆ ಇವುಗಳ ಜೊತೆ ಇದೂ ಒಂದು ಆಯ್ಕೆಯಾಗಿ ಸೇರಿದೆ; ಎಳೆತದ ಚಿಕಿತ್ಸೆ ಅಂದರೆ ಟ್ರ್ಯಾಕ್ಷನ್, ಸೊಂಟದ ಪಟ್ಟಿ, ಅಲ್ಟ್ರಾಸೌಂಡ್ ಚಿಕಿತ್ಸೆ ಬೇಡ ಎಂದಿದೆ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಸಂಸ್ಥೆಯಾದ ನೈಸ್‌ನ ಮಾತು ಇನ್ನೂ ಬಿಗಿ: ಕೈಚಿಕಿತ್ಸೆ ಕೊಡುವುದಾದರೆ ವ್ಯಾಯಾಮದ ಜೊತೆಗೇ ಕೊಡಿ, ಅದೊಂದನ್ನೇ ಬೇಡ.

ನಮ್ಮ ಅಭಿಪ್ರಾಯವೂ ಅದೇ. ನೋವು ತಗ್ಗಿದ ಆ ಕೆಲವು ಗಂಟೆ ಅಥವಾ ದಿನಗಳನ್ನು ಚಲನೆಗೂ ಬಲ ತುಂಬಿಕೊಳ್ಳುವುದಕ್ಕೂ ಬಳಸಿಕೊಂಡರೆ ಕೈರೊಪ್ರಾಕ್ಟಿಕ್ ಉಪಯುಕ್ತ. ಬಂದು ಮಲಗಿ, ಲಟಕ್ ಅನ್ನಿಸಿಕೊಂಡು, ಮತ್ತೆ ಅದೇ ಕುರ್ಚಿಗೆ ಮರಳಿದರೆ ಮುಂದಿನ ವಾರ ಅದೇ ನೋವು. ಇದೇ ತಂತ್ರವನ್ನು ಬಲ್ಲ ಫಿಸಿಯೋಥೆರಪಿಸ್ಟರೂ ಇರುತ್ತಾರೆ. ಯಾರು ವ್ಯಾಯಾಮ ಕಲಿಸುತ್ತಾರೋ ಅವರನ್ನು ಆರಿಸಿಕೊಳ್ಳಿ.

36 ಸಲದ ಒಪ್ಪಂದಕ್ಕೆ ಸಹಿ ಹಾಕಬೇಡಿ. ದೀರ್ಘಕಾಲದ ಸೊಂಟ ನೋವಿನ 400 ಜನರಿಗೆ ಆರು ವಾರಗಳಲ್ಲಿ 0, 6, 12, 18 ಸಲ ಎಂದು ಗುಂಪು ಮಾಡಿ ಚಿಕಿತ್ಸೆ ಕೊಟ್ಟ ಪ್ರಯೋಗದಲ್ಲಿ 12ರ ಗುಂಪಿಗೆ ಸ್ವಲ್ಪ ಮೇಲುಗೈ ಸಿಕ್ಕಿತು. 18ಕ್ಕೆ ಏರಿಸಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ. ಹೋಗುವುದಾದರೆ ಎರಡು ಮೂರು ವಾರದಲ್ಲಿ ನಾಲ್ಕರಿಂದ ಆರು ಸಲ ಎಂದು ಮಾತಾಡಿಕೊಂಡು ಹೋಗಿ. ಮೊದಲ ದಿನ ನಿಮ್ಮ ನೋವಿಗೆ ಹತ್ತರಲ್ಲಿ ಅಂಕ ಕೊಟ್ಟು, ನೋವಿಲ್ಲದೆ ಎಷ್ಟು ನಿಮಿಷ ಕೂರಬಲ್ಲಿರಿ ಎಂಬುದನ್ನೂ ಬರೆದಿಡಿ. ಆರನೆಯ ಭೇಟಿಯ ಹೊತ್ತಿಗೆ ಅಂಕ ಮೂರನೇ ಒಂದು ಪಾಲಾದರೂ ಇಳಿದಿರದಿದ್ದರೆ ಏಳನೆಯದಕ್ಕೆ ಹೋಗಬೇಡಿ.

ಎಕ್ಸ್-ರೇಯಲ್ಲಿ ಕಂಡ 'ಸವೆತ'ದ ಬಗ್ಗೆ ಕಳವಳ ಬೇಡ. ಎಕ್ಸ್-ರೇಯಲ್ಲಿ ಡಿಸ್ಕ್ ಕಾಣುವುದೇ ಇಲ್ಲ, ಕಾಣುವುದು ಎರಡು ಕಶೇರುಗಳ ನಡುವಿನ ಅಂತರ ಮಾತ್ರ. ಒಂದಿಷ್ಟೂ ಬೆನ್ನು ನೋವಿಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸಿಟಿ, ಎಂಆರ್‌ಐ ಚಿತ್ರಗಳನ್ನು ಒಟ್ಟುಹಾಕಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, 30ರ ವಯಸ್ಸಿನವರಲ್ಲಿ ಶೇ. 52, 40ರವರಲ್ಲಿ ಶೇ. 68 ಮಂದಿಗೆ ಡಿಸ್ಕ್ ಸವೆತ ಇತ್ತು. ತಲೆಗೂದಲು ನೆರೆತಂತೆ ಇದೂ ವಯಸ್ಸಿನ ಗುರುತು. ನಿಮ್ಮ ಲಕ್ಷಣಗಳಿಗೆ ಎಕ್ಸ್-ರೇಯ ಅಗತ್ಯವೇ ಇರಲಿಲ್ಲ. ಚಿಕಿತ್ಸೆ 'ಕೆಲಸ ಮಾಡಿದೆ' ಎಂದು ತೋರಿಸಲು ಮತ್ತೊಂದು ತೆಗೆಯೋಣ ಎಂದರೆ ಬೇಡ ಎನ್ನಿ.

ಸೊಂಟದ ಚಿಕಿತ್ಸೆಯ ನಂತರ ಒಂದೆರಡು ದಿನ ಮೈಕೈ ನೋವು ಇರುವುದು ಸಾಮಾನ್ಯ. ಕತ್ತಿನ ಲೆಕ್ಕವೇ ಬೇರೆ. ಮೆದುಳಿಗೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕತ್ತಿನ ಕಶೇರುಗಳ ರಂಧ್ರಗಳಲ್ಲಿ ಹಾದು, ಮೊದಲ ಕಶೇರಿನ ಮೇಲೆ ತಿರುವು ತೆಗೆದುಕೊಂಡು ತಲೆಯೊಳಗೆ ಹೋಗುತ್ತವೆ. ಕತ್ತನ್ನು ಥಟ್ಟನೆ ತಿರುಚಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವರದಿಯಾಗಿವೆ. ಇದು ತೀರಾ ಅಪರೂಪ. ಅಲ್ಲದೆ ರಕ್ತನಾಳ ಮೊದಲೇ ಹರಿದಿದ್ದರೂ ಕತ್ತು ನೋವೇ ಮೊದಲು ಬರುವುದರಿಂದ, ಅಂಥವರು ಆ ನೋವಿಗಾಗಿಯೇ ಕೈರೊಪ್ರಾಕ್ಟರ್ ಬಳಿ ಹೋಗಿರುವ ಸಾಧ್ಯತೆಯೂ ಇದೆ; ಕಾರಣ ಯಾವುದು ಪರಿಣಾಮ ಯಾವುದು ಎಂದು ಬಿಡಿಸುವುದು ಸುಲಭವಲ್ಲ. ಆದರೆ ನಿಮ್ಮ ಕತ್ತಿನ ಬಿಗಿತ ಪರದೆ ಏರಿಸಿ ವ್ಯಾಯಾಮ ಮಾಡಿದರೆ ಇಳಿಯುವಂಥದ್ದು, ಅದಕ್ಕಾಗಿ ಸಣ್ಣ ಅಪಾಯವನ್ನಾದರೂ ಏಕೆ ತೆಗೆದುಕೊಳ್ಳಬೇಕು? 'ಕತ್ತಿಗೆ ತಿರುಚುವ ತಳ್ಳು ಬೇಡ, ನಿಧಾನದ ಚಲನೆ ಸಾಕು' ಎಂದು ಮೊದಲೇ ಹೇಳಿ. ಕತ್ತಿನ ಚಿಕಿತ್ಸೆಯ ನಂತರ ಹಿಂದೆಂದೂ ಇಲ್ಲದ ತೀವ್ರ ತಲೆನೋವು, ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ನಡೆ ಓಲಾಡುವುದು ಕಂಡರೆ ಹೋಗಬೇಕಾದದ್ದು ತುರ್ತು ಚಿಕಿತ್ಸೆಗೆ, ಮತ್ತೆ ಅದೇ ಕೊಠಡಿಗಲ್ಲ.

ಮೂಳೆ ಟೊಳ್ಳಾಗಿರುವವರು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು, ರೂಮಟಾಯ್ಡ್ ಸಂಧಿವಾತ ಇರುವವರು, ಬೆನ್ನೆಲುಬಿಗೆ ಸೋಂಕು ಅಥವಾ ಗಡ್ಡೆ ಇರುವವರು ಈ ರಭಸದ ತಳ್ಳಿನ ಚಿಕಿತ್ಸೆಯಿಂದ ದೂರ ಇರಬೇಕು. ಮೊದಲ ಭೇಟಿಯಲ್ಲಿ ಈ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಮೇಜಿನ ಮೇಲೆ ಮಲಗಿಸುವವರಿದ್ದರೆ ಎದ್ದು ಬನ್ನಿ.

ನೀವೇ ಮಾಡಬೇಕಾದದ್ದು

ಮೂರು ವ್ಯಾಯಾಮ ಸಾಕು. ಮೊದಲನೆಯದು: ಅಂಗಾತ ಮಲಗಿ, ಒಂದು ಮಂಡಿ ಮಡಿಸಿ, ಎರಡೂ ಅಂಗೈಗಳನ್ನು ಸೊಂಟದ ಬಾಗಿನ ಕೆಳಗಿಟ್ಟು, ತಲೆ ಮತ್ತು ಭುಜವನ್ನು ನೆಲದಿಂದ ಒಂದಿಷ್ಟೇ ಎತ್ತಿ ಹಿಡಿಯುವುದು. ಕೈಗಳ ಮೇಲೆ ಸೊಂಟದ ಒತ್ತಡ ಬದಲಾದರೆ ಜಾಸ್ತಿ ಎತ್ತಿದ್ದೀರಿ ಎಂದರ್ಥ. ಎರಡನೆಯದು: ಪಕ್ಕಕ್ಕೆ ಮಲಗಿ ಮೊಣಕೈ ಮತ್ತು ಮಡಿಸಿದ ಮಂಡಿಯ ಆಧಾರದಲ್ಲಿ ಸೊಂಟವನ್ನು ಮೇಲೆತ್ತುವುದು, ಎರಡೂ ಬದಿ. ಮೂರನೆಯದು: ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮುಂದೆ, ಎಡಗಾಲು ಹಿಂದೆ ಚಾಚುವುದು, ನಂತರ ಅದಲುಬದಲು. ಇಲ್ಲಿ ಎಲ್ಲರೂ ಮಾಡುವ ತಪ್ಪು ಕಾಲನ್ನು ಎತ್ತರಕ್ಕೆ ಎತ್ತುವುದು. ಹಾಗೆ ಮಾಡಿದರೆ ಹೊಟ್ಟೆ ಜೋತು ಸೊಂಟ ಕುಸಿಯುತ್ತದೆ. ಕಾಲು ಹಿಂದಕ್ಕೆ ಉದ್ದವಾಗಬೇಕು, ಮೇಲಕ್ಕಲ್ಲ. ಪ್ರತಿ ಹಿಡಿತ 8ರಿಂದ 10 ಸೆಕೆಂಡ್, ಪ್ರತಿ ವ್ಯಾಯಾಮವೂ ಮೂರು ಸುತ್ತು: ಮೊದಲ ಸುತ್ತಿಗೆ 6 ಸಲ, ಎರಡನೆಯ ಸುತ್ತಿಗೆ 4, ಮೂರನೆಯ ಸುತ್ತಿಗೆ 2. ಹೊತ್ತು ಹೆಚ್ಚಿಸುವ ಬದಲು ಸಲಗಳನ್ನು ಹೆಚ್ಚಿಸುತ್ತ ಹೋಗಿ. ಉಸಿರು ಬಿಗಿಹಿಡಿಯಬೇಡಿ. ಬೆಳಗ್ಗೆ ಎದ್ದ ಮೊದಲ ಗಂಟೆಯಲ್ಲಿ ಡಿಸ್ಕುಗಳು ನೀರು ತುಂಬಿ ಬಿಗಿಯಾಗಿರುತ್ತವೆ, ಆಗ ಪೂರ್ತಿ ಮುಂದೆ ಬಾಗುವುದು, ಕಾಲ್ಬೆರಳು ಮುಟ್ಟುವ ಕಸರತ್ತು ಬೇಡ.

ಇದರ ಜೊತೆ ನಡಿಗೆ. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಪೈಕಿ ಹಂತಹಂತವಾಗಿ ನಡಿಗೆ ಬೆಳೆಸಿಕೊಂಡವರಲ್ಲಿ ಅರ್ಧದಷ್ಟು ಜನರಿಗೆ ನೋವು ಮರುಕಳಿಸಲು 208 ದಿನ ಹಿಡಿಯಿತು, ಉಳಿದವರಿಗೆ 112. ಅವರ ಗುರಿ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ. ನೀವು ಹತ್ತು ನಿಮಿಷದಿಂದ ಶುರುಮಾಡಿದರೂ ಸರಿ.

ಹಾಸಿಗೆ ಕಲ್ಲಿನಷ್ಟು ಗಟ್ಟಿ ಇರಬೇಕಿಲ್ಲ. 2003ರ ಒಂದು ಪ್ರಯೋಗದಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಹೆಚ್ಚು ಹಿತವೆನಿಸಿತು. ಪಕ್ಕಕ್ಕೆ ಮಲಗುವವರಾದರೆ ಮಂಡಿಗಳ ನಡುವೆ ದಿಂಬಿಡಿ. ಭಾರ ಎತ್ತುವಾಗ ವಸ್ತುವನ್ನು ಮೈಗೆ ಅಂಟಿಸಿಕೊಳ್ಳಿ, ತಿರುಗಬೇಕಿದ್ದರೆ ಸೊಂಟ ತಿರುಚದೆ ಪಾದ ಎತ್ತಿಟ್ಟು ತಿರುಗಿ.

ಈಗ ನಿಮಗಿಲ್ಲ, ಆದರೆ ಮುಂದೆ ಎಂದಾದರೂ ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು, ಮಲದ ಹಿಡಿತ ತಪ್ಪುವುದು, ಗುದ ಮತ್ತು ಜನನಾಂಗದ ಸುತ್ತ ಮರಗಟ್ಟುವುದು, ಕಾಲಿನ ಬಲ ಕುಂದುತ್ತ ಹೋಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಒಂದೆರಡು ದಿನದ ತಡವೂ ಶಾಶ್ವತ ನಷ್ಟ ತರಬಹುದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ತಗ್ಗದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವು, ಇವಿದ್ದರೂ ಯಾರ ಕೈಯಲ್ಲೂ ಬೆನ್ನು ಒತ್ತಿಸಿಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿ. ನಿಮ್ಮ ವಿಷಯದಲ್ಲಿ ಇನ್ನೊಂದು ಕೇಳಿಕೊಳ್ಳಿ: ಬೆಳಗ್ಗೆ ಎದ್ದಾಗ ಸೊಂಟ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದಿದ್ದು, ವಿಶ್ರಾಂತಿಯಲ್ಲಿ ಹೆಚ್ಚಿ, ಓಡಾಡಿದರೆ ಸಡಿಲವಾಗುತ್ತದೆಯೇ? ಹೌದಾದರೆ ಅದು ಉರಿಯೂತದ ಬೆನ್ನು ನೋವಾಗಿರಬಹುದು, ಅದು ಸಾಮಾನ್ಯವಾಗಿ 45ರ ವಯಸ್ಸಿನೊಳಗೇ ಶುರುವಾಗುವಂಥದ್ದು. ಅದಕ್ಕೆ ಸಂಧಿವಾತ ತಜ್ಞರು ರಕ್ತಪರೀಕ್ಷೆ ಮತ್ತು ಬೆನ್ನೆಲುಬಿನ ಬುಡ ಸೊಂಟದ ಮೂಳೆಗೆ ಸೇರುವ ಕೀಲಿನ ಎಂಆರ್‌ಐ ಮಾಡಿಸುತ್ತಾರೆ, ಕುರ್ಚಿ ಬದಲಿಸಿದರೆ ಅದು ಹೋಗುವುದಿಲ್ಲ. ಅಂಥದ್ದೇನೂ ಇಲ್ಲವಾದರೆ ಮೇಲೆ ಹೇಳಿದ್ದನ್ನು ಆರು ವಾರ ಬಿಡದೆ ಮಾಡಿ, ಬರೆದಿಟ್ಟ ಅಂಕದೊಂದಿಗೆ ಹೋಲಿಸಿ ನೋಡಿ. ಆಗಲೂ ಅಲ್ಲಾಡಿಲ್ಲವೆಂದರೆ ಆ ಚೀಟಿಯನ್ನೇ ಹಿಡಿದು ವೈದ್ಯರ ಬಳಿ ಹೋಗಿ.